ಹಸು-ಕರುವಿಗೆ ಬಿದ್ದ ವೋಟು

ನಾನು ಪುಣೆಯಲ್ಲಿ ಕೆಲಸಕ್ಕಿದ್ದಾಗ ನಮ್ಮ ವಿಭಾಗದಲ್ಲಿ ಅಲಹಾಬಾದಿನ ಕಡೆಯ ಹಿರಿಯರೊಬ್ಬರಿದ್ದರು. ಮಧ್ಯಾಹ್ನ ಡಬ್ಬಿ ಬಿಚ್ಚುವ ಹೊತ್ತಿಗೆ ಮಾತು ರಾಜಕೀಯಕ್ಕೆ ಹೊರಳಿತೆಂದರೆ ಎಲ್ಲಿಂದ ಹೊರಟರೂ ಅವರು 1977ಕ್ಕೆ ಬಂದು ನಿಲ್ಲುತ್ತಿದ್ದರು. "ನಮ್ಮಲ್ಲಿ ಎಂಬತ್ತೈದಕ್ಕೆ ಎಂಬತ್ತೈದು! ಒಂದು ಸೀಟನ್ನೂ ಬಿಡಲಿಲ್ಲ" ಎಂದು ರೊಟ್ಟಿ ಮುರಿಯುತ್ತಾ ಹೇಳುತ್ತಿದ್ದರು, ತಾವೇ ಖುದ್ದಾಗಿ ಎಂಬತ್ತೈದು ಕಡೆ ನಿಂತು ಗೆದ್ದವರ ಹಾಗೆ. ಆಮೇಲೆ ನನ್ನತ್ತ ತಿರುಗಿ, "ನೀವು ಕರ್ನಾಟಕದವರು ಮಾತ್ರ ಇಂದಿರಾ ಗಾಂಧಿಯನ್ನು ಕೈಬಿಡಲಿಲ್ಲ" ಎನ್ನುತ್ತಿದ್ದರು. ನಾನು ಉಪ್ಪಿನಕಾಯಿ ಕಡೆ ನೋಡುತ್ತಿದ್ದೆ.

ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. 1977ರ ಮಾರ್ಚ್ 16ರಿಂದ 20ರವರೆಗೆ ನಡೆದ ಆ ಲೋಕಸಭಾ ಚುನಾವಣೆಯಲ್ಲಿ ಉತ್ತರ ಪ್ರದೇಶದ 85 ಕ್ಷೇತ್ರಗಳಲ್ಲಾಗಲಿ ಬಿಹಾರದ 54ರಲ್ಲಾಗಲಿ ಕಾಂಗ್ರೆಸ್ಸಿಗೆ ಒಂದೇ ಒಂದು ಸಿಗಲಿಲ್ಲ. ರಾಯ್‌ಬರೇಲಿಯಲ್ಲಿ ಪ್ರಧಾನಿಯೇ ರಾಜ್‌ನಾರಾಯಣರ ಎದುರು 55 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಪಕ್ಕದ ಅಮೇಥಿಯಲ್ಲಿ ಮಗ ಸಂಜಯ ಗಾಂಧಿಯೂ ಸೋತರು. ಅದೇ ಚುನಾವಣೆಯಲ್ಲಿ ಕರ್ನಾಟಕದ 28 ಕ್ಷೇತ್ರಗಳ ಪೈಕಿ 26 ಕಾಂಗ್ರೆಸ್ಸಿಗೆ ಹೋದವು. ಉಳಿದ ಎರಡರಲ್ಲಿ ಒಂದು ಬೆಂಗಳೂರು ದಕ್ಷಿಣ. ತಮ್ಮ ಹಿರಿತನವನ್ನು ಬದಿಗೊತ್ತಿ ಕಿರಿಯರೊಬ್ಬರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದ್ದಕ್ಕೆ 1973ರಲ್ಲಿ ಸುಪ್ರೀಂ ಕೋರ್ಟಿಗೆ ರಾಜೀನಾಮೆ ಕೊಟ್ಟುಬಂದಿದ್ದ ಕೆ.ಎಸ್. ಹೆಗ್ಡೆಯವರು ಅಲ್ಲಿ ಗೆದ್ದರು. ಇನ್ನೊಂದು ಹಾಸನ, ಗೆದ್ದವರು ನಂಜೇಶಗೌಡರು. ಆಂಧ್ರದ ಕಥೆ ನಮಗಿಂತಲೂ ಮಿಗಿಲು, 42ಕ್ಕೆ 41. ಆದರೆ ಊಟದ ಮೇಜಿನಲ್ಲಿ ಆಂಧ್ರದವರು ಯಾರೂ ಇರಲಿಲ್ಲವಾಗಿ ದಕ್ಷಿಣದ ಲೆಕ್ಕವನ್ನೆಲ್ಲ ನಾನೊಬ್ಬನೇ ಒಪ್ಪಿಸಬೇಕಿತ್ತು.

ಒಪ್ಪಿಸಲು ನನ್ನ ಹತ್ತಿರ ಒಂದು ಉತ್ತರವಿತ್ತು. ಅದನ್ನು ಊಟದ ಮೇಜಿನಲ್ಲಿ ಹೇಳಿ ಮುಗಿಸಲಾಗದು ಅನ್ನಿಸಿ ಸುಮ್ಮನಿದ್ದೆ. ಈಗ ಬರೆಯುತ್ತಿದ್ದೇನೆ.

ಅಂದು ನನಗೆ ಏಳು ವರ್ಷ. ಸಾಗರದ ಕಡೆಯ ಒಂದು ಹಳ್ಳಿ, ಎದುರಿಗೆ ಗದ್ದೆ, ಹಿಂದೆ ಸೊಪ್ಪಿನ ಬೆಟ್ಟ. ಮನೆಯಲ್ಲಿ ಅಜ್ಜ, ಅಜ್ಜಿ, ಅಪ್ಪ, ಅಮ್ಮ, ಮತ್ತು ಆ ದಿನಗಳಲ್ಲಿ ಇದ್ದೂ ಇಲ್ಲದ ಚಿಕ್ಕಪ್ಪ. ಚಿಕ್ಕಪ್ಪ ಶಿವಮೊಗ್ಗದಲ್ಲಿ ಓದುತ್ತಿದ್ದವನು, ಸಮಾಜವಾದಿ ಹುಡುಗರ ಗುಂಪಿನಲ್ಲಿದ್ದ. ಸೈಕ್ಲೋಸ್ಟೈಲ್ ಮಾಡಿದ ಒಂದು ಕರಪತ್ರ ಹಂಚಿದನೆಂದು ಭಾರತ ರಕ್ಷಣಾ ನಿಯಮದ ಕೆಳಗೆ ಅವನನ್ನು ಹಿಡಿದಿದ್ದರು. ಹದಿಮೂರು ತಿಂಗಳು ಒಳಗಿದ್ದ. ಮನೆಯಲ್ಲಿ ಯಾರೂ "ಜೈಲು" ಎನ್ನುತ್ತಿರಲಿಲ್ಲ. "ಅವನು ಅಲ್ಲಿದ್ದಾನೆ" ಎನ್ನುತ್ತಿದ್ದರು. ಆ "ಅಲ್ಲಿ" ಎಂಬ ಊರು ಎಲ್ಲಿದೆ ಎಂದು ನಾನು ಬಹಳ ದಿನ ಯೋಚಿಸಿದ್ದೇನೆ.

ಅಂಥ "ಅಲ್ಲಿ"ಗಳು ದೇಶದ ತುಂಬ ಇದ್ದವು. 1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಜಗಮೋಹನ್‌ಲಾಲ್ ಸಿನ್ಹಾ ಅವರು ಇಂದಿರಾ ಗಾಂಧಿಯವರ ಆಯ್ಕೆಯನ್ನು ಅಸಿಂಧುಗೊಳಿಸಿದರು. 25ರ ರಾತ್ರಿ ತುರ್ತುಪರಿಸ್ಥಿತಿ ಬಂತು. ಮುಂದಿನ ಹತ್ತೊಂಬತ್ತು-ಇಪ್ಪತ್ತು ತಿಂಗಳಲ್ಲಿ ಮೀಸಾ (ವಿಚಾರಣೆಯಿಲ್ಲದೆ ಬಂಧನದಲ್ಲಿಡುವ ಆಂತರಿಕ ಭದ್ರತಾ ಕಾಯ್ದೆ) ಮತ್ತು ರಕ್ಷಣಾ ನಿಯಮಗಳಡಿ ಬಂಧಿತರಾದವರು ಒಂದು ಲಕ್ಷ ಹತ್ತು ಸಾವಿರಕ್ಕೂ ಹೆಚ್ಚು ಎಂದು ಆಮೇಲೆ ಆ ಕಾಲದ ಅತಿರೇಕಗಳನ್ನು ತನಿಖೆ ಮಾಡಿದ ಷಾ ಆಯೋಗ ಲೆಕ್ಕ ಹಾಕಿತು. ಬೆಂಗಳೂರಿನ ಕೇಂದ್ರ ಕಾರಾಗೃಹವಂತೂ ಒಂದು ಸಣ್ಣ ಸಂಸತ್ತೇ ಆಗಿತ್ತು. ಪಕ್ಷಾಂತರ ಮಸೂದೆಯ ಸಮಿತಿಯ ಕೆಲಸಕ್ಕೆಂದು ಬೆಂಗಳೂರಿಗೆ ಬಂದು ಶಾಸಕರ ಭವನದಲ್ಲಿ ತಂಗಿದ್ದ ವಾಜಪೇಯಿ, ಅಡ್ವಾಣಿ, ಎಸ್.ಎನ್. ಮಿಶ್ರಾ, ಮಧು ದಂಡವತೆ ಅವರನ್ನು ಇಲ್ಲಿಯೇ ಹಿಡಿದರು. ನಮ್ಮವರೇ ಆದ ದೇವೇಗೌಡರು, ರಾಮಕೃಷ್ಣ ಹೆಗಡೆ, ಜೆ.ಎಚ್. ಪಟೇಲರೂ ಜೈಲು ಕಂಡರು. ಭೂಗತರಾಗಿದ್ದ ಜಾರ್ಜ್ ಫರ್ನಾಂಡಿಸರ ಜಾಡು ಹೇಳೆಂದು ತಮ್ಮ ಲಾರೆನ್ಸ್‌ರಿಗೆ ಕೊಟ್ಟ ಚಿತ್ರಹಿಂಸೆ ಬೆಂಗಳೂರಿನಲ್ಲೇ ನಡೆಯಿತು. ಅಸ್ತಮಾ ಇದ್ದ ನಟಿ ಸ್ನೇಹಲತಾ ರೆಡ್ಡಿಯವರು ಎಂಟು ತಿಂಗಳು ಆ ಜೈಲಿನಲ್ಲಿದ್ದು, ಇನ್ನು ಉಳಿಯುವುದಿಲ್ಲ ಎಂದಾದ ಮೇಲೆ ಹೊರಗೆ ಬಿಡಲ್ಪಟ್ಟು 1977ರ ಜನವರಿ 20ರಂದು ತೀರಿಕೊಂಡರು. ಚುನಾವಣೆ ಘೋಷಣೆಯಾಗಿ ಆಗ ಎರಡು ದಿನವಾಗಿತ್ತಷ್ಟೆ. ಶಿವರಾಮ ಕಾರಂತರು ಪದ್ಮಭೂಷಣವನ್ನು ಹಿಂದಿರುಗಿಸಿದ್ದೂ ಈ ಕಾಲದಲ್ಲಿಯೇ.

ತುರ್ತುಪರಿಸ್ಥಿತಿಯ ಬಗ್ಗೆ ಕನ್ನಡದಲ್ಲಿ ಬರೆಯುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ಜೈಲಿನ ಪಟ್ಟಿಯಲ್ಲಿ ನಮಗೆ ಹೆಮ್ಮೆಯಿದೆ. ಹಳೆಯ ಜೈಲು ಈಗ ಫ್ರೀಡಂ ಪಾರ್ಕ್. ಬೆಂಗಳೂರಿನಲ್ಲಿ ಪ್ರತಿಭಟನೆ ಮಾಡುವವರು ಅದರೊಳಗೆ ಮಾತ್ರ ಮಾಡಬೇಕು ಎಂಬ ಆದೇಶವೂ ಈಗ ಇದೆ, ಅದರ ತಮಾಷೆಯನ್ನು ನಾನು ಬಿಡಿಸಿ ಹೇಳಬೇಕಿಲ್ಲ. ಆದರೆ ಜೈಲಿಗೆ ಹೋದವರು ಸಾವಿರಗಳ ಲೆಕ್ಕದಲ್ಲಿ, ಕಾಂಗ್ರೆಸ್ಸಿನ ಅಂದಿನ ಗುರುತಾದ ಹಸು-ಕರುವಿಗೆ ಮುದ್ರೆ ಒತ್ತಿದವರು ಲಕ್ಷಗಳ ಲೆಕ್ಕದಲ್ಲಿ. ಅವರ ಬಗ್ಗೆ ಯಾರೂ ಪುಸ್ತಕ ಬರೆಯುವುದಿಲ್ಲ. ನಮ್ಮ ಅಜ್ಜ ಅವರಲ್ಲೊಬ್ಬ.

ಅಜ್ಜನಿಗೆ ಕಾಂಗ್ರೆಸ್ಸಿನ ಮೇಲೆ ಹುಟ್ಟಿನಿಂದ ಬಂದ ಪ್ರೀತಿಯೇನೂ ಇರಲಿಲ್ಲ. ಇದು ಗೊತ್ತಿರಬೇಕು. 1951ರ ಕಾಗೋಡು ಸತ್ಯಾಗ್ರಹದ ಸಮಯದಲ್ಲಿ ಅವನಿಗೆ ಮೂವತ್ತರ ಹತ್ತಿರ ವಯಸ್ಸು. ಗೇಣಿ ಭತ್ತ ಅಳೆಯುವ ಕೊಳಗ ಎಷ್ಟು ಸೇರಿನದು ಎಂಬಲ್ಲಿಂದ ಹೊತ್ತಿಕೊಂಡ ಜಗಳ ಅದು. ಒಡೆಯರ ಮನೆಯ ಕೊಳಗ ದೊಡ್ಡದು. ಅಳೆದು ಕೊಟ್ಟ ಮೇಲೆ ಗೇಣಿದಾರನ ಕಣದಲ್ಲಿ ಉಳಿಯುವುದು ಹೊಟ್ಟು. ಎಚ್. ಗಣಪತಿಯಪ್ಪನವರು ರೈತರನ್ನು ಸೇರಿಸಿದರು. ಶಾಂತವೇರಿ ಗೋಪಾಲಗೌಡರು ಬಂದರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅಷ್ಟು ದೂರದಿಂದ ಬಂದು ಸಾಗರದಲ್ಲಿ ಬಂಧನಕ್ಕೊಳಗಾದರು. ಅಜ್ಜ ಕೂಡ ಸಾಲಿನಲ್ಲಿ ನಿಂತು ಗದ್ದೆಗಿಳಿದು ಕೆಲವು ವಾರ ಒಳಗಿದ್ದು ಬಂದವನು. ಅಂದರೆ ಚಿಕ್ಕಪ್ಪನಿಗೆ ಸಮಾಜವಾದ ಕಾಲೇಜಿನಲ್ಲಿ ಹತ್ತಿಕೊಂಡ ಜ್ವರವಲ್ಲ, ಮನೆಯ ಜಗಲಿಯಲ್ಲೇ ಸಿಕ್ಕಿದ್ದು. ಮಲಗುವ ಮುಂಚೆ ಅಜ್ಜ ಹೇಳುತ್ತಿದ್ದ ಕಥೆಗಳಲ್ಲಿ ರಾಜಕುಮಾರರು ಕಡಿಮೆ, ಲೋಹಿಯಾ ಹೆಚ್ಚು.

ಆದರೆ ಕಾಗೋಡಿನ ಹೋರಾಟದಿಂದ ಅಜ್ಜನ ಕೈಗೆ ಭೂಮಿ ಬರಲಿಲ್ಲ. ಬಂದದ್ದು ಇಪ್ಪತ್ತೈದು ವರ್ಷದ ಮೇಲೆ, ಕಾಂಗ್ರೆಸ್ಸಿನ ಮುಖ್ಯಮಂತ್ರಿ ದೇವರಾಜ ಅರಸು ಅವರ ಕೈಯಿಂದ.

1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯ ಬಗ್ಗೆ ಇಂದಿನವರಿಗೆ ಸ್ವಲ್ಪ ಹೇಳಬೇಕು. ಅಂದಿನಿಂದ ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಉಳುತ್ತಿದ್ದವನು ಏಳನೇ ನಮೂನೆಯ ಅರ್ಜಿ ಹಾಕಿ ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕು. ನಮ್ಮ ಕಡೆ ಅದಕ್ಕೆ "ಡಿಕ್ಲರೇಷನ್ ಕೊಡುವುದು" ಎನ್ನುತ್ತಿದ್ದರು. ರಾಜ್ಯದಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಿದ್ದವು. ತೀರ್ಮಾನಿಸಲು ತಾಲ್ಲೂಕಿಗೊಂದು ಭೂ ನ್ಯಾಯಮಂಡಳಿ. ಅದರ ಮುಂದೆ ವಕೀಲರು ವಾದಿಸುವಂತಿರಲಿಲ್ಲ. ಮೇಲ್ಮನವಿಯೂ ಇರಲಿಲ್ಲ; ಒಪ್ಪದವರು ರಿಟ್ ಹಾಕಿಕೊಂಡು ಹೈಕೋರ್ಟಿಗೆ ಹೋಗಬೇಕು. ಅಜ್ಜನ ವಿಚಾರಣೆಯ ದಿನ ಒಡೆಯರ ಮಗ, ಸ್ವತಃ ವಕೀಲ, ಬಾಗಿಲ ಹೊರಗೆ ನಿಂತಿದ್ದನಂತೆ. ಒಳಗೆ ಅಜ್ಜನಿಗೆ ಕೇಳಿದ್ದು ಮೂರೋ ನಾಲ್ಕೋ ಪ್ರಶ್ನೆ. ಎಷ್ಟು ವರ್ಷದಿಂದ ಉಳುತ್ತಿದ್ದೀಯ? ಗೇಣಿ ಎಷ್ಟು ಕೊಡುತ್ತಿದ್ದೆ? ಪಕ್ಕದ ಗದ್ದೆ ಯಾರದು? ಓದು ಬಾರದ ಮನುಷ್ಯ ತಪ್ಪಿಲ್ಲದೆ ಉತ್ತರಿಸಬಲ್ಲ ಪ್ರಶ್ನೆಗಳು. 1976ರ ಮಳೆಗಾಲ ಶುರುವಾಗುವ ಮುಂಚೆ ಆದೇಶ ಬಂತು. ಎರಡೂವರೆ ಎಕರೆ ಗದ್ದೆ.

ಆ ದಿನಗಳಲ್ಲಿ ಚಿಕ್ಕಪ್ಪ "ಅಲ್ಲಿ" ಇದ್ದ. ಅವನಿಗೂ ವಕೀಲರಿಂದ ಪ್ರಯೋಜನವಿರಲಿಲ್ಲ. 1976ರ ಏಪ್ರಿಲ್ 28ರಂದು, ತುರ್ತುಪರಿಸ್ಥಿತಿಯಲ್ಲಿ ಬಂಧಿತನಾದವನು ತನ್ನನ್ನು ಬಿಡಿಸಿ ಎಂದು ಹೇಬಿಯಸ್ ಕಾರ್ಪಸ್ ಅರ್ಜಿ ಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿಬಿಟ್ಟಿತ್ತು. ಐವರಲ್ಲಿ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಅಂಥ ಅರ್ಜಿ ಕೇಳಬಹುದು ಎಂದು ಹೇಳಿದ್ದ ಹೈಕೋರ್ಟುಗಳಲ್ಲಿ ನಮ್ಮದೂ ಒಂದಾಗಿತ್ತು. ಅದೂ ಅಲ್ಲಿಗೆ ಮುಗಿಯಿತು.

ಹೀಗೆ ಒಂದೇ ಮನೆಯಲ್ಲಿ, ಒಂದೇ ಬೇಸಿಗೆಯಲ್ಲಿ, ವಕೀಲರಿಗೆ ಬಾಗಿಲು ಮುಚ್ಚಿದ್ದರಿಂದ ಅಪ್ಪನಿಗೆ ಭೂಮಿ ಸಿಕ್ಕಿತು, ಮಗ ಒಳಗೇ ಉಳಿದ. ಇದನ್ನು ನಾನು ಹಲವು ಸಲ ತಿರುಗಿಸಿ ನೋಡಿದ್ದೇನೆ. ಕಾಯ್ದೆ ತುರ್ತುಪರಿಸ್ಥಿತಿಗಿಂತ ಮುಂಚಿನದು, ಚುನಾಯಿತ ವಿಧಾನಮಂಡಲ ಮಾಡಿದ್ದು, ಹಾಗಾಗಿ ಅದರ ಪುಣ್ಯವನ್ನು ತುರ್ತುಪರಿಸ್ಥಿತಿಯ ಖಾತೆಗೆ ಬರೆಯಬಾರದು ಎಂದು ಚಿಕ್ಕಪ್ಪ ಇಂದಿಗೂ ವಾದಿಸುತ್ತಾನೆ. ಸರಿಯಾದ ವಾದವೇ. ಆದರೆ ಆದೇಶದ ಮೇಲಿನ ತಾರೀಖು 1976 ಎಂದಿದೆ. ಕಾಯ್ದೆಯ ಇತಿಹಾಸ ಓದಿಕೊಂಡು ಕೃತಜ್ಞತೆ ಹಂಚುವ ಅಭ್ಯಾಸ ಅಜ್ಜನಿಗಿರಲಿಲ್ಲ. ಇನ್ನೊಂದನ್ನೂ ಹೇಳಿಬಿಡುತ್ತೇನೆ. ಎರಡು ಎಕರೆ ಗೇಣಿಗೆ ಕೊಟ್ಟು ಅದರ ಭತ್ತದಲ್ಲೇ ಬದುಕುತ್ತಿದ್ದ ವಿಧವೆಯರೂ ಆ ಮಂಡಳಿಯ ಮುಂದೆ ಭೂಮಿ ಕಳೆದುಕೊಂಡರು. ಅವರಿಗೂ ವಕೀಲರಿರಲಿಲ್ಲ. ನಮ್ಮ ಊರಲ್ಲೇ ಅಂಥ ಒಬ್ಬರಿದ್ದರು. ಅಜ್ಜಿ ಸುಗ್ಗಿಯ ನಂತರ ಅವರ ಮನೆಗೆ ಯಾರಿಗೂ ಹೇಳದೆ ಒಂದು ಮೂಟೆ ಭತ್ತ ಕಳಿಸುತ್ತಿದ್ದಳು.

1977ರ ಜನವರಿ 18ರಂದು ಇಂದಿರಾ ಗಾಂಧಿ ಚುನಾವಣೆ ಘೋಷಿಸಿದರು. ಐದನೇ ಲೋಕಸಭೆಯ ಅವಧಿಯನ್ನು ಎರಡು ಸಲ ಒಂದೊಂದು ವರ್ಷ ವಿಸ್ತರಿಸಿಕೊಂಡಾಗಿತ್ತು. ಕೇಳುವವರು ಯಾರೂ ಇರಲಿಲ್ಲ. ಆದರೂ ಏಕೆ ಘೋಷಿಸಿದರು ಎಂಬುದರ ಬಗ್ಗೆ ಎಷ್ಟು ಬಾಯೋ ಅಷ್ಟು ಮಾತು. ಗೆದ್ದೇ ಗೆಲ್ಲುತ್ತೇನೆಂದು ನಂಬಿದ್ದರು ಎಂಬುದೇ ನನಗೆ ಸಾಕಾದ ಕಾರಣವಾಗಿ ಕಾಣುತ್ತದೆ. ಪತ್ರಿಕೆಗಳ ಬಾಯಿ ಕಟ್ಟಿದವರಿಗೆ ಸುದ್ದಿ ಎಲ್ಲಿಂದ ಸಿಗಬೇಕು?

ಆ ಚುನಾವಣೆ ನ್ಯಾಯವಾಗಿ ನಡೆಯಿತೇ? ನಡೆಯಲಿಲ್ಲ. ತುರ್ತುಪರಿಸ್ಥಿತಿಯನ್ನು ಹಿಂತೆಗೆದುಕೊಂಡಿರಲಿಲ್ಲ, ಸಡಿಲಿಸಿದ್ದರಷ್ಟೆ. ಅದನ್ನು ರದ್ದು ಮಾಡಿದ್ದು ಸೋತ ಮೇಲೆ, ಮಾರ್ಚ್ 21ಕ್ಕೆ. ನಾಯಕರು ಜೈಲಿನಿಂದ ಬಂದ ಬಟ್ಟೆಯಲ್ಲೇ ಜನವರಿ 23ರಂದು ಜನತಾ ಪಕ್ಷ ಕಟ್ಟಿದರು. ಸ್ವಂತ ಗುರುತೂ ಇರಲಿಲ್ಲ, ಭಾರತೀಯ ಲೋಕದಳದ ಚಕ್ರದೊಳಗಿನ ನೇಗಿಲು ಹೊತ್ತ ರೈತನನ್ನು ಎರವಲು ಪಡೆದರು. ಜಾರ್ಜ್ ಫರ್ನಾಂಡಿಸರು ಜೈಲಿನಲ್ಲಿದ್ದುಕೊಂಡೇ ಬಿಹಾರದ ಮುಜಫ್ಫರಪುರದಲ್ಲಿ ನಿಂತರು, ಕ್ಷೇತ್ರಕ್ಕೆ ಕಾಲಿಡದೆ ಮೂರು ಲಕ್ಷಕ್ಕೂ ಹೆಚ್ಚು ಅಂತರದಿಂದ ಗೆದ್ದರು. ಆಕಾಶವಾಣಿ ಸರ್ಕಾರದ್ದು, ಪೊಲೀಸರು ಸರ್ಕಾರದವರು, ದುಡ್ಡು ಸರ್ಕಾರದ ಕಡೆಯವರದು. ಕಣ ಪೂರ್ತಿ ಒಂದೇ ಕಡೆಗೆ ಇಳಿಜಾರಾಗಿತ್ತು.

ಕರ್ನಾಟಕದಲ್ಲಿ ಅದರ ಜೊತೆಗೆ ಅರಸು ಇದ್ದರು. ಹಾವನೂರು ಆಯೋಗದ ವರದಿ 1975ರ ನವೆಂಬರಿನಲ್ಲೇ ಬಂದಿತ್ತು. ಅದರ ಆಧಾರದ ಮೇಲೆ ಹಿಂದುಳಿದವರಿಗೆ ಮೀಸಲಾತಿಯ ಆದೇಶ ಹೊರಬಿದ್ದದ್ದು 1977ರ ಫೆಬ್ರವರಿಯಲ್ಲಿ, ಮತದಾನಕ್ಕೆ ಒಂದು ತಿಂಗಳೂ ಇಲ್ಲದಾಗ. ಅರಸು ಅವರಿಗೆ ಕ್ಯಾಲೆಂಡರ್ ಓದಲು ಚೆನ್ನಾಗಿ ಬರುತ್ತಿತ್ತು. ಉತ್ತರದಲ್ಲಿ ಜನರನ್ನು ಕೆರಳಿಸಿದ್ದು ನಸ್‌ಬಂದಿ. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ದೆಹಲಿಯ ತುರ್ಕಮಾನ್ ಗೇಟ್‌ನಲ್ಲಿ ಬುಲ್ಡೋಜರ್ ನುಗ್ಗಿತ್ತು. ನಮ್ಮ ಕಡೆ ಮೇಷ್ಟರುಗಳು "ಕೇಸು" ಹಿಡಿಯಲು ಮನೆಮನೆ ಸುತ್ತುತ್ತಿದ್ದದ್ದು ನನಗೆ ನೆನಪಿದೆ, ಜನ ಹಿತ್ತಲಿನಿಂದ ತಪ್ಪಿಸಿಕೊಳ್ಳುತ್ತಿದ್ದದ್ದೂ ನೆನಪಿದೆ. ಆದರೆ ರಾತ್ರೋರಾತ್ರಿ ಊರನ್ನು ಸುತ್ತುವರಿದು ಗಂಡಸರನ್ನು ಲಾರಿಗೆ ತುಂಬಿದ ಸುದ್ದಿ ನಮ್ಮ ಸೀಮೆಯಲ್ಲಿ ಕೇಳಿರಲಿಲ್ಲ. ಉತ್ತರದಲ್ಲಿ ಹಾಗಾಯಿತು ಎಂದು ಹೇಳಬೇಕಾಗಿದ್ದ ಪತ್ರಿಕೆ ಸೆನ್ಸಾರಿನ ಮೇಜಿನ ಮೇಲಿತ್ತು.

ಫೆಬ್ರವರಿಯಲ್ಲಿ ಚಿಕ್ಕಪ್ಪ ಬಿಡುಗಡೆಯಾಗಿ ಬಂದ. ತೆಳ್ಳಗಾಗಿದ್ದ, ಗಡ್ಡ ಬಂದಿತ್ತು. ಅಜ್ಜಿ ಹಂಡೆಯಲ್ಲಿ ನೀರು ಕಾಯಿಸಿ ಎಣ್ಣೆ ಹಚ್ಚಿದಳು. ಅಜ್ಜ ಅವನನ್ನು ಕರೆದುಕೊಂಡು ಗದ್ದೆಯ ಬದುವಿನ ಮೇಲೆ ಒಂದು ಸುತ್ತು ಹಾಕಿಸಿದ, "ಇಲ್ಲಿಂದ ಅಲ್ಲಿಯವರೆಗೆ ನಮ್ಮದು" ಎಂದ. ಮಾರನೆಯ ದಿನದಿಂದಲೇ ಚಿಕ್ಕಪ್ಪ ಸೈಕಲ್ಲಿಗೆ ಬಾವುಟ ಕಟ್ಟಿಕೊಂಡು ಪ್ರಚಾರಕ್ಕಿಳಿದ. ನಾನು ಹಿಂದಿನ ಕ್ಯಾರಿಯರ್ ಮೇಲೆ. ಊರೂರಲ್ಲಿ ಅವನು ಸ್ವಾತಂತ್ರ್ಯದ ಬಗ್ಗೆ ಭಾಷಣ ಮಾಡುತ್ತಿದ್ದ. ಜನ ಕೇಳುತ್ತಿದ್ದರು, ಎಳನೀರು ಕೊಡುತ್ತಿದ್ದರು. ಭಾಷಣ ಮುಗಿದ ಮೇಲೆ ಯಾರಾದರೊಬ್ಬರು, "ಹೌದು ತಮ್ಮ, ನಿಮ್ಮವರು ಬಂದರೆ ಡಿಕ್ಲರೇಷನ್ ವಾಪಸು ಮಾಡುತ್ತಾರಂತಲ್ಲ, ನಿಜವೇ?" ಎಂದು ಕೇಳುತ್ತಿದ್ದರು. ಪ್ರತಿ ಊರಲ್ಲೂ ಅದೇ ಪ್ರಶ್ನೆ. ಅದು ಸುಳ್ಳು ಎಂದು ಅವನು ಆಣೆ ಮಾಡುತ್ತಿದ್ದ. ಆದರೆ ಅವನ ಪಕ್ಷದ ಸಭೆಯ ಮುಂದಿನ ಸಾಲಿನ ಕುರ್ಚಿಗಳಲ್ಲಿ ಭೂಮಿ ಕಳೆದುಕೊಂಡ ಒಡೆಯರು ಕೂತಿರುತ್ತಿದ್ದರು. ಅದನ್ನು ಸುಳ್ಳು ಮಾಡಲು ಆಣೆ ಸಾಲುತ್ತಿರಲಿಲ್ಲ.

ಮನೆಯಲ್ಲಿ ಅವನು ಅಜ್ಜನನ್ನು ಒಲಿಸಲು ನೋಡಿದ. "ಗುರುತು ನೋಡಪ್ಪ, ನೇಗಿಲು ಹೊತ್ತ ರೈತ. ಅದು ನೀನೇ ಅಲ್ಲವೇ?"

"ನೇಗಿಲು ನನ್ನದೇ" ಎಂದ ಅಜ್ಜ, ಎಲೆಗೆ ಸುಣ್ಣ ಸವರುತ್ತಾ. "ಕೊಟ್ಟಿಗೆಯಲ್ಲಿರುವ ಹಸು-ಕರುವೂ ನನ್ನದೇ."

ಮತದಾನ ನಮ್ಮ ಶಾಲೆಯಲ್ಲಿ ನಡೆಯಿತು. ನಾನು ಅಜ್ಜಿಯ ಸೆರಗು ಹಿಡಿದು ಬಾಗಿಲವರೆಗೆ ಹೋಗಿದ್ದೆ. ನೆನಪಿರುವುದು ಅರಗು ಕರಗಿಸುವ ವಾಸನೆ, ತಗಡಿನ ಪೆಟ್ಟಿಗೆ, ಅಜ್ಜಿಯ ಬೆರಳಿನ ಮೇಲೆ ನೇರಳೆ ಬಣ್ಣದ ಗೆರೆ. ಆ ಶಾಯಿ ಮೈಸೂರಿನದು. ನಾಲ್ವಡಿಯವರ ಕಾಲದಲ್ಲಿ, 1937ರಲ್ಲಿ, ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಶುರುವಾದದ್ದು 1962ರಿಂದ ದೇಶದ ಚುನಾವಣೆಗಳಿಗೆಲ್ಲ ಶಾಯಿ ಕೊಡುತ್ತಿದೆ. ರಾಯ್‌ಬರೇಲಿಯಲ್ಲಿ ಇಂದಿರಾ ಗಾಂಧಿಯನ್ನು ಸೋಲಿಸಿದವರ ಬೆರಳಿಗೂ ಮೈಸೂರಿನ ಶಾಯಿಯೇ. ಮೈಸೂರಿನವರು ಮಾತ್ರ ಕಾಂಗ್ರೆಸ್ಸಿಗೇ ಹಾಕಿದರು. ಅಜ್ಜಿ ಯಾರಿಗೆ ಹಾಕಿದಳು ಎಂಬುದು ಕೊನೆಯವರೆಗೂ ಗೊತ್ತಾಗಲಿಲ್ಲ. ಅಜ್ಜ ಕೇಳಿದ, ಚಿಕ್ಕಪ್ಪ ಕೇಳಿದ, ದೊಡ್ಡವನಾದ ಮೇಲೆ ನಾನೂ ಕೇಳಿದೆ. "ತೆರೆಯ ಹಿಂದೆ ಹಾಕಿ ಅಂತ ಅವರೇ ಹೇಳಿದ ಮೇಲೆ ತೆರೆಯ ಮುಂದೆ ಬಂದು ಏಕೆ ಹೇಳಲಿ?" ಎನ್ನುತ್ತಿದ್ದಳು. ಭೂಮಿಯೂ ಅವಳದೇ, ಮಗನೂ ಅವಳವನೇ.

ಮಾರ್ಚ್ 20ರ ರಾತ್ರಿ ಜಗಲಿಯಲ್ಲಿ ರೇಡಿಯೊ ಸುತ್ತ ಹತ್ತು ಹದಿನೈದು ಜನ. ದಕ್ಷಿಣದ ಕ್ಷೇತ್ರಗಳ ಹೆಸರು ಬಂದಾಗಲೆಲ್ಲ ಕಾಂಗ್ರೆಸ್, ಕಾಂಗ್ರೆಸ್. ಚಿಕ್ಕಪ್ಪ ಕಂಬಕ್ಕೆ ಒರಗಿ ಕೂತಿದ್ದ. ನನಗೆ ನಿದ್ದೆ ಬಂತು. ಬೆಳಗಿನ ಜಾವ ಎಚ್ಚರವಾದಾಗ ಅವನೊಬ್ಬನೇ ಅಂಗಳದಲ್ಲಿ ನಿಂತಿದ್ದ, ಕೈಯಲ್ಲಿ ರೇಡಿಯೊ, ಕಣ್ಣಲ್ಲಿ ನೀರು. ರಾಯ್‌ಬರೇಲಿ ಬಂದಿತ್ತು. ದೆಹಲಿಯಲ್ಲಿ ಜನ ಬೀದಿಗಿಳಿದು ಕುಣಿದರು ಎಂದು ಆಮೇಲೆ ಓದಿದ್ದೇನೆ. ನಮ್ಮೂರಲ್ಲಿ ಕುಣಿಯಲು ಒಬ್ಬನೇ ಇದ್ದ, ಅವನೂ ಕುಣಿಯಲಿಲ್ಲ.

ಬೆಳಿಗ್ಗೆ ಗಂಜಿ ಉಣ್ಣುವಾಗ ಅವನು ಅಜ್ಜನನ್ನು ನೇರವಾಗಿ ಕೇಳಿದ. ಅಪ್ಪ ನನ್ನನ್ನು ಹೊರಗೆ ಹೋಗು ಎಂದರು, ನಾನು ಬಾಗಿಲ ಹಿಂದೆ ನಿಂತೆ.

"ಭೂಮಿ ಕೊಟ್ಟವನಿಗೆ ಹಾಕಿದೆ" ಎಂದ ಅಜ್ಜ. "ನಿನ್ನನ್ನು ಒಳಗೆ ಹಾಕಿದವಳಿಗೆ ಹಾಕಲಿಲ್ಲ."

"ಎರಡಕ್ಕೂ ಗುರುತು ಒಂದೇ ಅಲ್ಲವೇ ಅಪ್ಪ."

ಅಜ್ಜ ಗಂಜಿ ಮುಗಿಸಿ ಕೈತೊಳೆಯಲು ಎದ್ದ.

ಇದನ್ನು ಬರೆಯುವಾಗ ನನಗೆ ಅದೇ ತಿಂಗಳು ನಡೆದ ಇನ್ನೊಂದು ಚುನಾವಣೆ ನೆನಪಾಗುತ್ತದೆ. ನಮಗಿಂತ ಒಂಬತ್ತು ದಿನ ಮುಂಚೆ, 1977ರ ಮಾರ್ಚ್ 7ರಂದು, ಪಾಕಿಸ್ತಾನದಲ್ಲಿ ರಾಷ್ಟ್ರೀಯ ಅಸೆಂಬ್ಲಿಗೆ ಮತದಾನವಾಯಿತು. ಜುಲ್ಫಿಕರ್ ಅಲಿ ಭುಟ್ಟೊ ಅವರ ಪೀಪಲ್ಸ್ ಪಾರ್ಟಿಯ ಗುರುತು ಖಡ್ಗ. ಎದುರಿಗೆ ಒಂಬತ್ತು ಪಕ್ಷಗಳ ಒಕ್ಕೂಟ, ಅದರ ಗುರುತು ನೇಗಿಲು. ಅಲ್ಲಿಯೂ ನೇಗಿಲು! ಭುಟ್ಟೊ ಕೂಡ 1972ರಲ್ಲಿ ಒಮ್ಮೆ, ಚುನಾವಣೆ ಘೋಷಿಸುವ ಹೊಸ್ತಿಲಲ್ಲಿ ಇನ್ನೊಮ್ಮೆ ಭೂಮಿತಿ ಕಾನೂನು ತಂದವರು. ಬಡವರಲ್ಲಿ ಅವರಿಗೆ ನಿಜವಾದ ಪ್ರೀತಿಯಿತ್ತು. ಪ್ರಾಮಾಣಿಕವಾಗಿ ಎಣಿಸಿದ್ದರೂ ಗೆಲ್ಲುತ್ತಿದ್ದರು ಎಂದು ಅವರ ವಿರೋಧಿಗಳಲ್ಲೇ ಹಲವರು ಒಪ್ಪುತ್ತಾರೆ. ಆದರೆ ಗೆದ್ದರೆ ಸಾಲದು, ನೆಲಕಚ್ಚಿಸಿ ಗೆಲ್ಲಬೇಕು ಎಂಬ ಆಸೆ. ಲರ್ಕಾನಾದಲ್ಲಿ ಅವರ ಎದುರು ನಾಮಪತ್ರ ಸಲ್ಲಿಸಬೇಕಿದ್ದವರನ್ನು ಗಡುವು ಮುಗಿಯುವ ತನಕ ಹಿಡಿದಿಟ್ಟುಕೊಂಡು ಪ್ರಧಾನಿಯನ್ನು ಅವಿರೋಧವಾಗಿ ಆರಿಸಲಾಯಿತು. ಫಲಿತಾಂಶ ಬಂದಾಗ 200ರಲ್ಲಿ 155 ಖಡ್ಗಕ್ಕೆ, 36 ನೇಗಿಲಿಗೆ. ಯಾರೂ ನಂಬಲಿಲ್ಲ. ವಿರೋಧಿಗಳು ಮಾರ್ಚ್ 10ರ ಪ್ರಾಂತೀಯ ಚುನಾವಣೆಯನ್ನು ಬಹಿಷ್ಕರಿಸಿ ಬೀದಿಗಿಳಿದರು, ಗುಂಡೇಟು ನಡೆಯಿತು, ನಗರಗಳಲ್ಲಿ ಸೈನ್ಯ ಬಂತು. ಜುಲೈ 5ರಂದು ಜನರಲ್ ಜಿಯಾ, ತೊಂಬತ್ತು ದಿನದಲ್ಲಿ ಹೊಸ ಚುನಾವಣೆ ಮಾಡಿಸುತ್ತೇನೆಂದು ಹೇಳಿ ಅಧಿಕಾರ ಹಿಡಿದರು. ಆ ತೊಂಬತ್ತು ದಿನ 1985ರ ತನಕ ಮುಗಿಯಲಿಲ್ಲ. ಭುಟ್ಟೊ 1979ರ ಏಪ್ರಿಲ್ 4ರಂದು ಗಲ್ಲಿಗೇರಿದರು.

ಸಿಂಧಿನ ಯಾವುದೋ ಹಳ್ಳಿಯಲ್ಲಿ ನಮ್ಮ ಅಜ್ಜನಂಥವನೊಬ್ಬ ಇದ್ದಿರಬೇಕು. ಮೊದಲ ಸಲ ತನ್ನದೆನ್ನುವ ತುಂಡು ನೆಲ ಸಿಕ್ಕವನು, ಯಾರ ಬಲವಂತವೂ ಇಲ್ಲದೆ ಖಡ್ಗಕ್ಕೆ ಮುದ್ರೆ ಒತ್ತಿದವನು. ಪೆಟ್ಟಿಗೆಯಲ್ಲಿ ಅವನ ನಿಜವಾದ ಮತದ ಮೇಲೆ ಯಾರೋ ಸುಳ್ಳು ಮತಗಳನ್ನು ಸುರಿದರು. ಕಳ್ಳ ಎಣಿಕೆಯಿಂದ ಮೋಸವಾಗುವುದು ಸೋತ ಪಕ್ಷಕ್ಕೆ ಎಂದು ನಾವು ಲೆಕ್ಕ ಹಾಕುತ್ತೇವೆ. ಆದರೆ ಅಲ್ಲಿ ಎಲ್ಲರಿಗಿಂತ ಹೆಚ್ಚು ಕಳೆದುಕೊಂಡವನು ಈ ಮನುಷ್ಯ. ಸೋತವನು ಬೀದಿಗೆ ಬಂದು ನನ್ನ ವೋಟು ಕದ್ದರು ಎಂದು ಕೂಗಬಹುದು. ಭುಟ್ಟೊಗೆ ಮನಸಾರೆ ಹಾಕಿದವನು ಏನೆಂದು ಕೂಗಬೇಕು? ನಾನು ನಿಜವಾಗಿ ಹಾಕಿದ್ದೆ ಎಂದರೆ ಯಾರು ನಂಬುತ್ತಾರೆ? ಭುಟ್ಟೊ ತಮಗೆ ಬಿದ್ದ ನಿಜವಾದ ವೋಟುಗಳನ್ನೂ ಸುಳ್ಳು ಮಾಡಿಕೊಂಡರು.

ನಮ್ಮ ಅಜ್ಜನ ವೋಟಿಗೆ ಹಾಗಾಗಲಿಲ್ಲ. ಇಳಿಜಾರಾದ ಕಣದಲ್ಲೂ ಎಣಿಕೆಯ ಮೇಜು ಮಾತ್ರ ಮಟ್ಟಸವಾಗಿ ಉಳಿದಿತ್ತು. ಪ್ರಧಾನಿ ಸೋತಿದ್ದಾರೆ ಎಂದು ರಾಯ್‌ಬರೇಲಿಯ ಚುನಾವಣಾಧಿಕಾರಿ ಘೋಷಿಸಿದರು; ಅದೂ ತುರ್ತುಪರಿಸ್ಥಿತಿ ಇನ್ನೂ ಜಾರಿಯಲ್ಲಿದ್ದಾಗ, ಸೋತವರೇ ಇನ್ನೂ ಪ್ರಧಾನಿಯಾಗಿದ್ದಾಗ. ಆ ಹೊತ್ತಿನಲ್ಲಿ ಆ ಕಾಗದಕ್ಕೆ ಸಹಿ ಹಾಕಿದ ಕೈ ನಡುಗಿರಲಿಕ್ಕೂ ಸಾಕು. ಆ ಸಹಿಯಿಂದಲೇ ಕರ್ನಾಟಕದ 26ನ್ನು ಇಂದಿಗೂ ನಾವು ಜನರ ಅಭಿಪ್ರಾಯ ಎಂದು ಓದುತ್ತೇವೆ, ಅದರ ಮೇಲೆ ನಾಚಿಕೊಳ್ಳುತ್ತೇವೆ, ಜಗಳವಾಡುತ್ತೇವೆ. ಅಲಹಾಬಾದಿನ ನನ್ನ ಸಹೋದ್ಯೋಗಿಗೆ ನಾನು ಹೇಳಬೇಕಿದ್ದುದು ಇದು. ನಿಮ್ಮ ಎಂಬತ್ತೈದು ನಿಜವಾಗಿದ್ದರಿಂದ ನಮ್ಮ ಇಪ್ಪತ್ತಾರೂ ನಿಜ. ಅಜ್ಜ ತಪ್ಪು ಮಾಡಿದನೇ? ನನ್ನ ಕೈಯಲ್ಲಿ ಆ ಮತಪತ್ರವಿದ್ದಿದ್ದರೆ ನಾನು ನೇಗಿಲಿಗೇ ಒತ್ತುತ್ತಿದ್ದೆ. ಆದರೆ ನಾನು ಓದಿದ್ದು ಆ ಎರಡೂವರೆ ಎಕರೆಯ ಭತ್ತದಿಂದ. ಹಾಗಾಗಿ ಈ ವಿಷಯದಲ್ಲಿ ನನ್ನ ತೀರ್ಪನ್ನು ಯಾರೂ ಹೆಚ್ಚಾಗಿ ನಂಬಬೇಡಿ.

ಮುಂದಿನ ವರ್ಷ ವಿಧಾನಸಭೆಯಲ್ಲೂ ಅರಸು ಗೆದ್ದರು. 1978ರ ನವೆಂಬರಿನಲ್ಲಿ ಡಿ.ಬಿ. ಚಂದ್ರೇಗೌಡರು ತೆರವು ಮಾಡಿಕೊಟ್ಟ ಚಿಕ್ಕಮಗಳೂರಿನಿಂದ ಇಂದಿರಾ ಗಾಂಧಿ ಮತ್ತೆ ಲೋಕಸಭೆಗೆ ನಿಂತರು. ಗುರುತು ಆಗ ಹಸು-ಕರುವಲ್ಲ, ಹಸ್ತ. ಎದುರಿಗೆ ಜನತಾ ಪಕ್ಷದಿಂದ ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರು. (ಮುಂದೆ ಅವರೇ ಕಾಂಗ್ರೆಸ್ ಸೇರಿ 1989ರಲ್ಲಿ ಮತ್ತೆ ಮುಖ್ಯಮಂತ್ರಿಯಾದರು. ನಮ್ಮ ರಾಜಕೀಯದಲ್ಲಿ ಯಾರಿಗೂ ಶಾಶ್ವತ ಕೋಪವಿಲ್ಲ, ಚಿಕ್ಕಪ್ಪನಂಥ ಕೆಲವರನ್ನು ಬಿಟ್ಟು.) ದೇಶದ ಪತ್ರಕರ್ತರೆಲ್ಲ ಕಾಫಿ ತೋಟಗಳ ನಡುವೆ ಬೀಡುಬಿಟ್ಟರು.

ಚಿಕ್ಕಪ್ಪ ಪ್ರಚಾರಕ್ಕೆ ಹೊರಟ. ಮೂರು ತಿಂಗಳಿನಿಂದ ಕೆಲಸವಿರಲಿಲ್ಲ, ಜೇಬಿನಲ್ಲಿ ಕಾಸಿರಲಿಲ್ಲ. ಅಜ್ಜನನ್ನು ಕೇಳುವಂತೆಯೂ ಇರಲಿಲ್ಲ. ಮಾರ್ಚ್ ತಿಂಗಳ ಆ ಗಂಜಿಯ ನಂತರ ಇಬ್ಬರ ನಡುವೆ ರಾಜಕೀಯ ಬಿಟ್ಟು ಬೇರೆಲ್ಲ ಮಾತೂ ನಡೆಯುತ್ತಿತ್ತು. ಚೀಲ ಹೆಗಲಿಗೇರಿಸಿ ಅವನು ಅಂಗಳಕ್ಕಿಳಿದಾಗ ಅಜ್ಜ ಕರೆದ. ಎಲೆಯಡಿಕೆ ಸಂಚಿ ಬಿಚ್ಚಿ ಅಡಿಕೆ ಹೋಳುಗಳ ಕೆಳಗಿನಿಂದ ಮಡಿಸಿದ ನೋಟು ತೆಗೆದು ಕೊಟ್ಟ.

"ಶಿವಮೊಗ್ಗದಲ್ಲಿ ಬಸ್ಸು ಬದಲಿಸಬೇಕು" ಎಂದ. "ರಾತ್ರಿ ಮಂಜು ಬೀಳುತ್ತದೆ, ಕಂಬಳಿ ತೆಗೆದುಕೊಂಡು ಹೋಗು. ಪಾಟೀಲರು ಸಿಕ್ಕಿದರೆ ನನ್ನ ನಮಸ್ಕಾರ ಹೇಳು. ಸೋಲುತ್ತಾರೆ ಅಂತಲೂ ಹೇಳು."

ಪಾಟೀಲರು ಎಪ್ಪತ್ತು ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಚಿಕ್ಕಪ್ಪ ಎರಡು ವಾರ ಬಿಟ್ಟು ವಾಪಸು ಬಂದ, ಕಂಬಳಿಯನ್ನು ಎಲ್ಲೋ ಕಳೆದುಕೊಂಡು, ಗಂಟಲು ಕಟ್ಟಿಕೊಂಡು. ಅಜ್ಜ ಜಗಲಿಯಲ್ಲಿ ಕೂತಿದ್ದ. ಫಲಿತಾಂಶದ ಬಗ್ಗೆ ಒಂದು ಮಾತೂ ಆಡಲಿಲ್ಲ. ಬಸ್ಸಿನ ಚಿಲ್ಲರೆ ಉಳಿದಿದೆಯೇ ಎಂದು ಕೇಳಿದ.